ಅಪ್ಪ-ಅಮ್ಮನ್ನ ಕರ್ಕೊಂಡು ಬಾ

ಸಾಗರದಿಂದ ಹೊರಟ ಬಸ್ಸು ಆ ತಿರುವು ಮುಟ್ಟಲು ಎಷ್ಟು ಹೊತ್ತು ಹಿಡಿಯಿತೋ ನನಗೆ ಗೊತ್ತಿಲ್ಲ. ನೆನಪಾದಾಗಲೆಲ್ಲ ಅದು ಮೊದಲಿಗಿಂತ ನಿಧಾನವಾಗಿ ಓಡುತ್ತದೆ. ಕೆಲವು ಸಲ ತಿರುವು ಬರುವುದೇ ಇಲ್ಲ. ಆಗ ಕೆಲಸ ಮಾಡುತ್ತಿದ್ದ ಕೈ ಅಲ್ಲೇ ನಿಂತುಬಿಡುತ್ತದೆ. ಸೂಜಿ ಚುಚ್ಚಿಸಿಕೊಳ್ಳಲು ಕೈ ಚಾಚಿ ಕೂತವರು "ಎಂತಾಯ್ತು ಮೇಡಂ?" ಎಂದು ನನ್ನ ಮುಖ ನೋಡುತ್ತಾರೆ.

ನಾನು ತೀರ್ಥಹಳ್ಳಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅಕ್ಕನನ್ನು ಕೊಟ್ಟಿರುವುದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಗೆ. ಅಕ್ಕನ ಮಗಳು ಆ ವರ್ಷ ಸಾಗರದ ಒಂದು ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು ಓದುತ್ತಿದ್ದಳು. ಬೆಳಿಗ್ಗೆ ಮನೆ ಹತ್ತಿರ ಖಾಸಗಿ ಬಸ್ಸು ಹತ್ತಿ ಹೋದರೆ ಸಂಜೆ ಅದೇ ಬಸ್ಸಿಗೆ ವಾಪಸು. ಪರೀಕ್ಷೆ ಹತ್ತಿರವಾಗಿದ್ದ ಫೆಬ್ರವರಿಯಲ್ಲೇ ಅಕ್ಕನಿಗೆ ಗರ್ಭಕೋಶದ ಆಪರೇಷನ್ ಆಯಿತು. ನಾನು ರಜೆ ಹಾಕಿ ಅವಳನ್ನು ನೋಡಿಕೊಳ್ಳಲು ಹೋಗಿದ್ದೆ.

ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ಭಾರ ಎತ್ತಬಾರದು, ಮನಸ್ಸಿಗೆ ತ್ರಾಸ ಮಾಡಿಕೊಳ್ಳಬಾರದು ಎಂದಿದ್ದರು. ಎಲ್ಲರಿಗೂ ಹೇಳುವ ಮಾತು ಅದು. ಭಾವ ಅದನ್ನು ಮನೆಯ ಕಾನೂನು ಮಾಡಿಬಿಟ್ಟರು. ಟೀವಿಯಲ್ಲಿ ಯಾರಾದರೂ ಜೋರಾಗಿ ಅತ್ತರೂ ಎದ್ದು ಹೋಗಿ ಆರಿಸುವರು. ಒಂದು ಬೆಳಿಗ್ಗೆ ಹುಡುಗಿ ರಿಬ್ಬನ್ ಸಿಗಲಿಲ್ಲವೆಂದು ಕೂಗಾಡಿದಾಗ, ಅಡಿಗೆಮನೆ ಬಾಗಿಲಲ್ಲಿ ನಿಂತು ಪಿಸುದನಿಯಲ್ಲಿ ಗದರಿದರು: "ಅಮ್ಮಂಗೆ ಎಂತದೂ ಟೆನ್ಶನ್ ಕೊಡ್ಬೇಡ ನೋಡು. ಒಳಗೆ ಹೊಲಿಗೆ ಬಿಚ್ಚಿಹೋದ್ರೆ ಯಾರು ಹೊಣೆ?"

ದೊಡ್ಡವರು ಹಾಗೆಲ್ಲ ಅಂದು ಮರೆತುಬಿಡುತ್ತೇವೆ. ಅವಳು ಮರೆಯಲಿಲ್ಲ. ಅವಳ ಮಟ್ಟಿಗೆ ಅದು ನಿಜವಾದ ಹೊಲಿಗೆ, ಒಂದು ಕೆಟ್ಟ ಸುದ್ದಿ ಕೇಳಿದರೆ ನಿಜವಾಗಿ ಬಿಚ್ಚಿಕೊಳ್ಳುವಂಥದ್ದು.

ಆ ದಿನ ನನಗೆ ಸಾಗರದಲ್ಲಿ ಕೆಲಸವಿತ್ತು. ಅಕ್ಕನ ರಿಪೋರ್ಟು ತೋರಿಸಿ ಔಷಧಿ ತರಬೇಕಿತ್ತು. ಹುಡುಗಿ ಎಂದಿನಂತೆ ಮೊದಲ ಬಸ್ಸಿಗೆ ಹೋದಳು. ನಾನು ಅದರ ನಂತರದ ಬಸ್ಸಿಗೆ ಹೊರಟೆ. ಕೆಲಸ ಬೇಗ ಮುಗಿದದ್ದರಿಂದ ಊಟದ ಬಿಡುವಿನಲ್ಲಿ ಅವಳನ್ನು ಹೋಟೆಲಿಗೆ ಕರೆದೊಯ್ದು ಮಸಾಲೆದೋಸೆ ಕೊಡಿಸೋಣವೆಂದು ಬಿಡುವಿಗೆ ಸ್ವಲ್ಪ ಮೊದಲೇ ಸ್ಕೂಲಿಗೆ ಹೋದೆ. ಆಫೀಸಿನಲ್ಲಿ ಕೂತಿದ್ದ ಹೆಂಗಸಿಗೆ ಹುಡುಗಿಯ ಹೆಸರು ಹೇಳಿ, ನಾನು ಅವಳ ಚಿಕ್ಕಮ್ಮ ಎಂದೆ. ಆಕೆ ಕನ್ನಡಕ ಮೇಲೆತ್ತಿ ನೋಡಿದರು.

"ಅಂತೂ ಬಂದ್ರಲ್ಲ! ಸಾರ್, ಆ ಹುಡುಗಿ ಮನೆಯವ್ರು ಬಂದಿದಾರೆ."

ಹೆಡ್ಮಾಸ್ಟರು ಚಹಾ ಕುಡಿಯುತ್ತಿದ್ದರು. ಕುರ್ಚಿ ತೋರಿಸಿ, "ಅಪ್ಪ ಅಮ್ಮ ಬರ್ಲಿಲ್ವಾ? ಹೋದ ವಾರ ಹೇಳಿ ಕಳಿಸಿದ್ದು. ಇಷ್ಟು ದಿನ ಬೇಕಾ ಬರೋದಕ್ಕೆ? ಹತ್ತನೇ ಕ್ಲಾಸು ಅನ್ನೋದಾದ್ರೂ ನೆನಪಿದೆಯಾ ನಿಮ್ಗೆ?" ಎಂದರು.

"ಎಂತ ಹೇಳಿ ಕಳಿಸಿದ್ರಿ ಸಾರ್? ಯಾರ ಹತ್ರ?"

"ಯಾರ ಹತ್ರ ಅಂದ್ರೆ? ಅವ್ಳ ಹತ್ರನೇ."

"ಅವ್ಳು ಕ್ಲಾಸಲ್ಲಿ ಇಲ್ವಾ?"

"ಸಸ್ಪೆಂಡ್ ಮಾಡಿದೀವಲ್ಲಮ್ಮ. ಅಪ್ಪ-ಅಮ್ಮನ್ನ ಕರ್ಕೊಂಡು ಬಾ, ಅಲ್ಲೀವರೆಗೆ ಕ್ಲಾಸಿಗೆ ಕಾಲಿಡ್ಬೇಡ ಅಂತ ಹೇಳಿದ್ವಿ." ಚಹಾದ ಲೋಟ ಕೆಳಗಿಟ್ಟು ಕೇಳಿದರು: "ಮನೇಲಿ ಇಲ್ವಾ ಮತ್ತೆ?"

"ದಿನಾ ಯೂನಿಫಾರಂ ಹಾಕ್ಕೊಂಡು ಬಸ್ಸು ಹತ್ತಿದಾಳೆ ಸಾರ್. ಇವತ್ತೂ ಹತ್ತಿದಾಳೆ. ಡಬ್ಬಿ ನಾನೇ ಕಟ್ಟಿ ಕೊಟ್ಟೆ."

"ಎಲ್ಲಿಗೆ?" ಎಂದರು ಹೆಡ್ಮಾಸ್ಟರು.

ನಾನು ಕೇಳಬೇಕಾದ ಪ್ರಶ್ನೆಯನ್ನು ಅವರು ನನ್ನನ್ನು ಕೇಳಿದರು. ಪಕ್ಕದ ಕೋಣೆಯಲ್ಲಿ ಯಾವುದೋ ಕ್ಲಾಸು ಒಟ್ಟಾಗಿ ಪದ್ಯ ಹೇಳುತ್ತಿತ್ತು.

ಅವಳು ಮಾಡಿದ ತಪ್ಪೇನೆಂದು ಆಮೇಲೆ ಗೊತ್ತಾಯಿತು. ಪರೀಕ್ಷೆಯೆಂದು ಸಂಜೆ ವಿಶೇಷ ತರಗತಿ ಶುರುಮಾಡಿದ್ದರು. ಅದು ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಕೊನೆಯ ಬಸ್ಸು ಹೋಗಿರುತ್ತದೆ. ಇವಳು ಅರ್ಧದಲ್ಲೇ ಬ್ಯಾಗು ಎತ್ತಿಕೊಂಡು ಎದ್ದಿದ್ದಾಳೆ. ಗಣಿತದ ಮೇಷ್ಟ್ರು ತಡೆದಾಗ "ಬಸ್ಸು ತಪ್ಪಿದ್ರೆ ನೀವು ಮನೆಗೆ ಬಿಟ್ಟು ಬರ್ತೀರಾ ಸಾರ್?" ಎಂದು ಕೇಳಿದ್ದಾಳೆ. ಕ್ಲಾಸು ನಕ್ಕುಬಿಟ್ಟಿತು. ನಗದೇ ಇದ್ದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತೋ ಏನೋ.

ಇನ್ನು ಹೇಳಿ ಕಳಿಸುವ ವಿಷಯ. ನಮ್ಮ ಕಡೆ ಅದು ಹಾಗೆಯೇ ನಡೆದುಕೊಂಡು ಬಂದಿದೆ. ಹಳ್ಳಿಮನೆಗಳಿಗೆ ಫೋನು ಸಿಗುವುದಿಲ್ಲ. ಸಿಕ್ಕರೂ ಗುಡ್ಡ ಹತ್ತಿದವರಿಗೆ ಮಾತ್ರ. ಹೀಗಾಗಿ ಸ್ಕೂಲಿನವರು ಏನಿದ್ದರೂ ಮಕ್ಕಳ ಬಾಯಲ್ಲೇ ಹೇಳಿ ಕಳಿಸುತ್ತಾರೆ. ಮೀಟಿಂಗು, ಲಸಿಕೆ, ಪ್ರವಾಸ, ಎಲ್ಲ. ಮಾರನೆಯ ದಿನ ಅಪ್ಪಂದಿರು ಬಂದು ನಿಂತಿರುತ್ತಾರೆ. ನಾನು ಓದುವಾಗಲೂ ಹಾಗೆಯೇ ಇತ್ತು, ಒಮ್ಮೆಯೂ ತಪ್ಪಿದ್ದು ಕಂಡಿಲ್ಲ. ಆದರೆ ಲಸಿಕೆಯ ಸುದ್ದಿ ಹೊರುವುದೇ ಬೇರೆ, ತನ್ನನ್ನೇ ಹೊರಗೆ ಹಾಕಿದ ಸುದ್ದಿ ಹೊರುವುದೇ ಬೇರೆ. ಇದು ಯಾರಿಗೂ ಹೊಳೆದಿರಲಿಲ್ಲ. ಮಗು ಮನೆಯಲ್ಲಿದೆ ಎಂದು ಸ್ಕೂಲು ನಂಬಿತ್ತು. ಸ್ಕೂಲಲ್ಲಿದೆ ಎಂದು ಮನೆ ನಂಬಿತ್ತು. ಬೆಳಗಿನಿಂದ ಸಂಜೆಯವರೆಗೆ ಅವಳು ಎಲ್ಲಿಯೂ ಇರಲಿಲ್ಲ.

ಹೆಡ್ಮಾಸ್ಟರು ಒಬ್ಬ ಮೇಷ್ಟ್ರನ್ನು ಬೈಕಿನಲ್ಲಿ ರೈಲ್ವೆ ಸ್ಟೇಷನ್ನಿಗೆ ಓಡಿಸಿದರು. ರೈಲು ಎಂದ ಕೂಡಲೇ ನನ್ನ ತಲೆಯೊಳಗೆ ಹಳಿಗಳು ಹಾದುಹೋದವು. ಬಸ್ ಸ್ಟ್ಯಾಂಡಿಗೆ ಹೋಗಲು ಆಟೋದಲ್ಲಿ ಕೂತರೆ ಡ್ರೈವರು ಪಕ್ಕದ ಆಟೋದವನ ಹತ್ತಿರ ಹಿನ್ನೀರಿನ ದಡದ ಹೊಳೆಬಾಗಿಲಿನ ಕಡೆ ಯಾವುದೋ ಬಾಡಿಗೆ ಹೋಗಿದ್ದ ಸುದ್ದಿ ಹೇಳುತ್ತಿದ್ದ. ಅಲ್ಲಿನ ನೀರು ಕಣ್ಣ ಮುಂದೆ ಬಂತು. ಆ ಹುಡುಗಿಗೆ ಈಜು ಬರುವುದಿಲ್ಲ. ಹದಿಹರೆಯದ ಹುಡುಗಿಯೊಬ್ಬಳು ಯೂನಿಫಾರಮ್ಮಿನಲ್ಲಿ ಇಡೀ ದಿನ ಒಬ್ಬಳೇ ಎಲ್ಲೆಲ್ಲಿ ಇರಬಹುದು, ಅವಳಿಗೆ ಏನೇನು ಆಗಬಹುದು ಎಂದು ಯೋಚಿಸತೊಡಗಿದರೆ ಈ ಮೂರು ತಾಲ್ಲೂಕಿನಲ್ಲಿ ಭಯವಾಗದ ಒಂದು ಜಾಗವೂ ಉಳಿಯುವುದಿಲ್ಲ. ಭಾವನಿಗೆ ಫೋನು ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಮತ್ತೆ ಮಾಡಿದೆ. ಮತ್ತೆ ಅದೇ ಹೆಣ್ಣಿನ ದನಿ, ಅದೇ ನಯ.

ಬಸ್ ಸ್ಟ್ಯಾಂಡಿನಲ್ಲಿ ಹುಡುಗಿ ದಿನವೂ ಹೋಗಿಬರುವ ಅಕ್ಕನ ಊರಿನ ಬಸ್ಸು ಹೊರಡಲು ನಿಂತಿತ್ತು. ಕಂಡಕ್ಟರು ಏಣಿ ಮೇಲೆ ನಿಂತು ಟಾಪಿಗೆ ಹಗ್ಗ ಬಿಗಿಯುತ್ತಿದ್ದ. ಕೆಳಗಿನಿಂದಲೇ ಕೂಗಿ ಕೇಳಿದೆ.

"ನಿಮ್ಮನೆ ಪಾಪುನಾ? ಅವ್ಳು ಈಗೀಗ ಸಾಗರದವರೆಗೆ ಬರೋದೇ ಇಲ್ವಲ್ಲಕ್ಕ. ಹಿನ್ನೀರಿನ ತಿರುವಲ್ಲಿ ಇಳ್ಕೊಳ್ತಾಳೆ. ಅಲ್ಲಿ ಯಾರ್ದೋ ಮನೇಲಿ ಟ್ಯೂಷನ್ ಅಂದ್ಲು."

"ಅಲ್ಲಿ ಮನೆ ಎಲ್ಲಿದೆ?"

ಅವನ ಕೈ ನಿಂತಿತು. ಹಗ್ಗ ಬಿಟ್ಟು ನಿಧಾನವಾಗಿ ಕೆಳಗಿಳಿದ. "ಹೌದಲ್ಲ," ಎಂದ. "ಮುಳುಗಡೆ ಆದ್ಮೇಲೆ ಅಲ್ಲಿ ಯಾವ ಮನೆ."

ನನ್ನನ್ನು ಹತ್ತಿಸಿ, ಬಸ್ಸಿನ ಮೈಗೆ ಎರಡು ಏಟು ಬಡಿದು, "ಬಿಡೋ ಗಾಡಿ! ತಿರುವಿನವರೆಗೆ ಎಲ್ಲೂ ನಿಲ್ಸ್ಬೇಡ!" ಎಂದು ಡ್ರೈವರಿಗೆ ಕೂಗಿದ.

ಬಸ್ಸು ಓಡಿತು. ಟಾಪಿನ ಮೇಲೆ ಹೊಸ ಬಾಗಿಲೊಂದನ್ನು ಕಟ್ಟಿಸಿದ್ದ ಒಬ್ಬ ಯಜಮಾನರು ಪ್ರತಿ ಕುಲುಕಿಗೂ ಮೇಲೆ ನೋಡುತ್ತಿದ್ದರು. "ಹೋಯ್, ನಿಧಾನ! ಬಾಗಿಲು ಸಾಗುವಾನಿದು, ನಿಂ ಬಸ್ಸಿನ ಹಂಗೆ ತಗಡಲ್ಲ!" ಮುಂದಿನ ಸೀಟಿನ ಅಜ್ಜಿ ಕಿಟಕಿಯಿಂದ ತಲೆ ಹಾಕಿ ಬೊಬ್ಬೆ ಹಾಕಿದರು: "ನಮ್ಮೂರು ಹೋಯ್ತಲ್ಲೋ! ನಿಲ್ಸೋ ಮಾರಾಯಾ!"

"ವಾಪಸ್ ತಂದು ಬಿಡ್ತೀನಿ ಕಣಜ್ಜಿ, ಕೂತ್ಕ ಸುಮ್ನೆ. ಹುಡುಗಿ ಒಂದು ಕಾಣ್ತಿಲ್ಲ," ಎಂದ ಕಂಡಕ್ಟರು.

ಯಜಮಾನರು ಮೇಲೆ ನೋಡುವುದನ್ನು ನಿಲ್ಲಿಸಿದರು. ಅಜ್ಜಿ ಹಿಂದೆ ತಿರುಗಿ ನನ್ನನ್ನು ದಿಟ್ಟಿಸಿ ನೋಡಿ, ಎದ್ದು ಬಂದು ಪಕ್ಕದಲ್ಲಿ ಕೂತು ನನ್ನ ಮಣಿಕಟ್ಟು ಹಿಡಿದುಕೊಂಡರು. ಯಾರ ಮಗಳೆಂದು ಕೂಡ ಕೇಳಲಿಲ್ಲ.

ತಿರುವಿನಲ್ಲಿ ಮುಖ್ಯರಸ್ತೆ ಬಲಕ್ಕೆ ಹೋಗುತ್ತದೆ. ಅಣೆಕಟ್ಟೆಗಿಂತ ಮೊದಲಿದ್ದ ಹಳೆಯ ರಸ್ತೆ ನೇರ ಕೆಳಗೆ ಹಿನ್ನೀರಿಗಿಳಿಯುತ್ತದೆ. ಮಳೆಗಾಲದಲ್ಲಿ ಕಾಣುವುದಿಲ್ಲ. ಬೇಸಿಗೆಗೆ ನೀರು ಹಿಂದೆ ಸರಿದಂತೆ ರಸ್ತೆ, ಮುರಿದ ಮೋರಿ, ಸತ್ತ ಮರಗಳ ಬೊಡ್ಡೆಗಳು ಒಂದೊಂದಾಗಿ ಮೇಲೆ ಬರುತ್ತವೆ. ಸುತ್ತ ಬಿರುಕು ಬಿಟ್ಟ ಬೂದು ನೆಲ. ನೋಡಲು ಒಣಗಿದಂತೆಯೇ ಇರುತ್ತದೆ. ಮೇಲಿನ ಪದರವಷ್ಟೇ ಒಣಗಿರುವುದು, ನೀರಿನ ಹತ್ತಿರ ಹೋದಂತೆ ಕೆಳಗೆಲ್ಲ ಹೂಳು. ದನ ಹುಗಿದುಹೋಗುವ ಹೂಳು.

ಡ್ರೈವರು ಹಾರ್ನಿನ ಮೇಲೆ ಒತ್ತಿದ ಕೈ ತೆಗೆಯಲಿಲ್ಲ. ನಾವೆಲ್ಲ ಇಳಿದು ಕೂಗಿದೆವು. ಅವಳ ಹೆಸರು ಗೊತ್ತಿಲ್ಲದವರು "ಪಾಪೂ, ಪಾಪೂ" ಎಂದು ಕೂಗುತ್ತಿದ್ದರು. ಹಾರ್ನು ನಿಂತಾಗ ಒಂದು ದನಿ ಕೇಳಿತು. ಹಕ್ಕಿಯೆಂದುಕೊಂಡೆ. ಕಂಡಕ್ಟರು ಕೈ ಚಾಚಿದ ಕಡೆ ನೋಡಿದರೆ ಬೂದು ಬಯಲಿನ ಮೇಲೆ ಒಂದು ನೀಲಿ ಚುಕ್ಕೆ ಇತ್ತು. ಅವಳ ಸ್ಕೂಲ್ ಬ್ಯಾಗು. ಬ್ಯಾಗಿನ ಮೇಲೆ ಎರಡು ತೋಳು, ತೋಳಿನ ಮೇಲೆ ಗಲ್ಲ. ಉಳಿದದ್ದೆಲ್ಲ ಹೂಳಿನೊಳಗೆ.

ನಾನು ಓಡಿದೆ. ಯಾರೋ ಹಿಂದಿನಿಂದ ಸೀರೆ ಹಿಡಿದು ಎಳೆದು ಕೆಡವಿದರು. "ಇನ್ನೊಬ್ಬಳನ್ನ ಯಾರು ಎಳಿಯೋದು?" ಎಂದು ಬೈದರು.

ಆಮೇಲೆ ನಡೆದದ್ದು ತುಂಡು ತುಂಡಾಗಿ ನೆನಪಿದೆ. ಟಾಪಿನಿಂದ ಹಗ್ಗ ಬಿಚ್ಚಿದರು. ಯಜಮಾನರು ತಾವಾಗಿಯೇ "ಬಾಗಿಲು ಇಳಿಸ್ರೋ" ಎಂದರು. ನಾಲ್ಕು ಜನ ಅದನ್ನು ಹೊತ್ತು ತಂದು ಹೂಳಿನ ಮೇಲೆ ಮಲಗಿಸಿ, ಹಿಂದಿನಿಂದ ನೂಕುತ್ತ ಹೋದರು. ಅವಳವರೆಗೆ ಮುಟ್ಟಲಿಲ್ಲ. ಯಾರಾದರೂ ಅದರ ಮೇಲೆ ಹೋಗಿ ಕೈ ಕೊಡಬೇಕಿತ್ತು. ಗಂಡಸರೆಲ್ಲ ಭಾರದವರು. ಅಲ್ಲಿದ್ದವರಲ್ಲಿ ತೂಕ ಕಡಿಮೆಯಿದ್ದವಳು ನಾನೇ. ಸೊಂಟಕ್ಕೆ ಹಗ್ಗ ಕಟ್ಟಿ, ಹೊಟ್ಟೆಯ ಮೇಲೆ ಮಲಗಿ ಮುಂದೆ ಸರಿ ಎಂದರು. ಸರಿದೆ. ಬಾಗಿಲಿನ ಎರಡೂ ಬದಿಯಿಂದ ಕರಿ ನೀರು ಉಕ್ಕಿ ಬರುತ್ತಿತ್ತು. ಹೊಸ ಮರದ ವಾಸನೆ, ಕೊಳೆತ ಎಲೆಯ ವಾಸನೆ. ನನ್ನ ಕೈ ಅವಳ ಕೈಗಿಂತ ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತು.

ಆ ಗೇಣನ್ನೇ ನಾನು ದಿನವೂ ನೋಡುತ್ತೇನೆ.

ಅವಳ ತುಟಿ ಬಿಳಿಚಿತ್ತು. ಮುಖಕ್ಕೆ ಮೆತ್ತಿದ ಕೆಸರು ಬಿಸಿಲಿಗೆ ಒಣಗಿ ಬಿರಿದಿತ್ತು. ಎಷ್ಟೋ ಹೊತ್ತಿನಿಂದ ಕೂಗಿ ಕೂಗಿ ಗಂಟಲು ಹೋಗಿತ್ತು. ನನ್ನನ್ನು ನೋಡಿ ಅವಳು ಎಳಿ ಎನ್ನಲಿಲ್ಲ, ಅಳಲಿಲ್ಲ.

"ಅಮ್ಮಂಗೆ ಹೇಳ್ಬೇಡ ಚಿಕ್ಕಿ," ಎಂದಳು.

"ಹೇಳಲ್ಲ. ಕೈ ಕೊಡು."

"ಆಣೆ ಮಾಡು."

"ಆಣೆ ಮಾಡ್ತೀನಿ. ಕೊಡೇ ಕೈ, ಮಾರಾಯ್ತಿ!"

ಅವಳು ಬ್ಯಾಗಿನಿಂದ ಒಂದು ತೋಳು ತೆಗೆದಳು. ತೆಗೆದ ಕೂಡಲೇ ಆ ಬದಿಗೆ ವಾಲಿದಳು, ಹೂಳು ಗಲ್ಲದಿಂದ ಬಾಯಿಗೆ ಬಂತು. ನಾನು ಬಾಗಿಲಿನ ಅಂಚು ದಾಟಿ ಬಿದ್ದಂತೆ ಮುಂದಕ್ಕೆ ಚಾಚಿದೆ. ಬೆರಳು ಸಿಕ್ಕಿತು, ಜಾರಿತು. ಮತ್ತೆ ಚಾಚಿದಾಗ ಸಿಕ್ಕಿದ್ದು ಜಡೆ. ಜಡೆ ಹಿಡಿದೇ ಎಳೆದೆ. ಅಷ್ಟು ಕ್ರೂರವಾಗಿ ನಾನು ಯಾರನ್ನೂ ಎಳೆದಿಲ್ಲ. ತಲೆ ಇತ್ತ ಬಂದಾಗ ಕಂಕುಳಿಗೆ ಕೈ ಹಾಕಲು ಆಯಿತು. ಹಿಂದಿನಿಂದ ಇಡೀ ಬಸ್ಸು ಹಗ್ಗ ಎಳೆಯಿತು. ಹೂಳು ಅವಳನ್ನು ಬಿಡುವಾಗ ಮಾಡಿದ ಸದ್ದನ್ನು ಬರೆಯಲು ನನಗೆ ಆಗುವುದಿಲ್ಲ.

ದಡದ ಮೇಲೆ ಅಜ್ಜಿ ಅವಳ ಬಾಯೊಳಗೆ ಬೆರಳು ಹಾಕಿ ಕೆಸರು ತೆಗೆದು, ತಮ್ಮ ಸೆರಗಿನಿಂದ ಮುಖ ಒರೆಸಿ, ಕೆನ್ನೆಗೆ ಮೆಲ್ಲಗೆ ಒಂದು ಬಾರಿಸಿದರು. "ಯಾರ್ ಹೇಳಿದ್ದೇ ನಿಂಗೆ ಇಲ್ಲಿ ಇಳಿಯಕ್ಕೆ?" ಎಂದು ತಾವೇ ಅತ್ತರು. ಯಜಮಾನರು ಕರಿ ಬಣ್ಣಕ್ಕೆ ತಿರುಗಿದ ಬಾಗಿಲನ್ನು ಬಡಿದು ನೋಡಿ, "ಇನ್ನೂ ನಿಲ್ಸೇ ಇಲ್ಲ, ಆಗ್ಲೇ ಒಬ್ಬಳು ಇದ್ರ ಮೇಲೆ ದಾಟಿ ಬಂದ್ಲು ನೋಡು" ಎಂದರು. ನಾಲ್ಕೈದು ಜನ ನಕ್ಕರು. ನನಗೂ ನಗು ಬಂತು, ನಿಲ್ಲಲಿಲ್ಲ, ವಾಂತಿಯಾಯಿತು.

ಬಸ್ಸು ನಮ್ಮನ್ನು ನೇರ ಆಸ್ಪತ್ರೆಗೆ ಕರೆದೊಯ್ಯಿತು. ಅಲ್ಲಿ ಮಲಗಿಕೊಂಡು ಅವಳು ಹೇಳಿದಳು. ದಿನವೂ ಹಳೆ ರಸ್ತೆಯ ಮೋರಿಯ ಮೇಲೆ ಕೂತು ಓದುತ್ತಿದ್ದಳಂತೆ. ಬಿಡುವಿನ ಹೊತ್ತಿಗೆ ಸರಿಯಾಗಿ ಡಬ್ಬಿ ಬಿಚ್ಚುತ್ತಿದ್ದಳಂತೆ. ಅಮ್ಮ ಎದ್ದು ಓಡಾಡುವಂತಾದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದಳು. ಆ ದಿನ ಬೈಕಿನಲ್ಲಿ ಇಬ್ಬರು ಬಂದು ತಿರುವಿನಲ್ಲಿ ನಿಂತು, ಯಾವ ಸ್ಕೂಲು, ಯಾಕೆ ಒಬ್ಬಳೇ ಎಂದೆಲ್ಲ ಕೇಳಿ ಕೆಳಗಿಳಿಯತೊಡಗಿದರು. ಇವಳು ನೀರಿನ ಕಡೆ ನಡೆದಳು. ಅವರು ನಗುತ್ತಲೇ ಬಂದರು. ಇವಳು ಓಡಿದಳು. ನೆಲ ಒಡೆಯಿತು. ಇವಳು ಹುಗಿದುಹೋದದ್ದನ್ನು ಕಂಡು ಅವರು ವಾಪಸು ಹೋದರು. ಯಾರಿಗೂ ಹೇಳದೆ.

ಅವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಪೊಲೀಸರು ಬಂದು ಕೇಳಿಕೊಂಡು ಹೋದರು. ಲ್ಯಾಬಿಗೆ ಬರುವ ಗಂಡುಹುಡುಗರ ತೋಳಿಗೆ ರಕ್ತ ತೆಗೆಯಲು ಪಟ್ಟಿ ಕಟ್ಟುವಾಗ, ಇವನಿರಬಹುದೇ ಎಂದು ನೋಡುತ್ತೇನೆ.

ಆಣೆ ಉಳಿಯಲಿಲ್ಲ. ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಅಕ್ಕನಿಗೆ ಮುಟ್ಟಿತ್ತು. ಜಗಲಿಯಲ್ಲಿ ಗೋಡೆ ಹಿಡಿದು ನಿಂತಿದ್ದಳು. ಹುಡುಗಿ ದೂರದಿಂದಲೇ ಅಮ್ಮನ ಹೊಟ್ಟೆಯನ್ನೇ ನೋಡುತ್ತ ಬಂದಳು. ಅಕ್ಕನಿಗೆ ಏನೂ ಆಗಲಿಲ್ಲ. ಮಗಳನ್ನು ಅಪ್ಪಿಕೊಂಡು, ಅವಳ ತಲೆಯ ಮೇಲಿಂದ ನಮ್ಮೆಲ್ಲರನ್ನೂ ನೋಡಿ, "ನಾನು ಸಾಯ್ತೀನಿ ಅಂತ ಇವ್ಳಿಗೆ ಹೇಳಿದ್ದು ಯಾರು?" ಎಂದಳು. ಭಾವ ಅಂಗಳಕ್ಕೆ ಹೋಗಿ ನಿಂತರು.

ಮಾರನೆಯ ದಿನ ಭಾವ, ನಾನು ಸ್ಕೂಲಿಗೆ ಹೋದೆವು. ಹೆಡ್ಮಾಸ್ಟರು ಕೆಟ್ಟ ಮನುಷ್ಯರಲ್ಲ. ಆ ರಾತ್ರಿ ಅವರಿಗೂ ನಿದ್ದೆ ಬಂದಿರಲಿಲ್ಲ ಎನ್ನುವುದು ಮುಖದಲ್ಲೇ ಇತ್ತು. ಆದರೂ ಮೊದಲು ಬಂದ ಮಾತು ಅದೇ: "ನಾವು ಹೇಳಿ ಕಳಿಸಿದ್ವಿ. ಅವ್ಳು ಹೇಳ್ಬೇಕಿತ್ತು."

ಭಾವ ಹೆಚ್ಚು ಮಾತಿನವರಲ್ಲ. ಅವರ ಅಪ್ಪ ಗೇಣಿ ಒಕ್ಕಲು. ಮೇಷ್ಟ್ರ ಎದುರು, ಅಧಿಕಾರಿಗಳ ಎದುರು ದನಿ ಎತ್ತುವುದು ಆ ಮನೆಯಲ್ಲಿ ಯಾರಿಗೂ ರೂಢಿಯಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು: "ಸಾರ್, ನಾನು ದನ ಮಾರಿದ್ರೂ ಕೊಂಡವ್ರ ಕೈಗೆ ಹಗ್ಗ ಕೊಟ್ಟು ಬರ್ತೀನಿ. ಹೋಗು ಅಂತ ದನಕ್ಕೆ ಹೇಳಿ ಬಿಡಲ್ಲ."

ಭಾವ ಕುರ್ಚಿಯಿಂದ ಎದ್ದರು. "ಸಸ್ಪೆಂಡ್ ಮಾಡಿ. ತಪ್ಪು ಮಾಡಿದ್ರೆ ಹೊಡೀರಿ ಬೇಕಾದ್ರೆ. ಗೇಟಿಂದ ಹೊರಗೆ ಬಿಡೋ ಮೊದ್ಲು ನಂಗೆ ಗೊತ್ತಾಗ್ಬೇಕು. ಫೋನ್ ಸಿಗ್ಲಿಲ್ವಾ, ಸಿಗೋವರೆಗೆ ಇಲ್ಲೇ ಕೂರ್ಸ್ಕೊಳ್ಳಿ. ಬಸ್ಸಿನವ್ರ ಹತ್ರ ಹೇಳಿ. ಮನುಷ್ಯರನ್ನ ಕಳಿಸಿ. ನಾನು ಬರ್ತೀನಿ. ಬರೋವರೆಗೆ ಅವ್ಳು ನಿಮ್ಮವ್ಳೇ ಸಾರ್."

ಹೆಡ್ಮಾಸ್ಟರು ಬಾಗಿಲ ಬಳಿ ನಿಂತಿದ್ದ ಗಣಿತದ ಮೇಷ್ಟ್ರ ಕಡೆ ನೋಡಿದರು. ಅವರು ಕಿಟಕಿಯ ಕಡೆ ನೋಡಿದರು. ಕೊನೆಗೆ ಹೆಡ್ಮಾಸ್ಟರೇ, ಇನ್ನು ಮುಂದೆ ಯಾವ ಮಗುವನ್ನೇ ಆಗಲಿ ಮನೆಗೆ ಕಳಿಸುವುದಾದರೆ ಹಿರಿಯರ ಹತ್ತಿರ ಮಾತಾಡಿಯೇ ಕಳಿಸುತ್ತೇವೆ, ಮಗು ಬರದಿದ್ದರೂ ಅದೇ ದಿನ ತಿಳಿಸುತ್ತೇವೆ ಎಂದರು. ಅಮಾನತು ವಾಪಸಾಯಿತು. ಬಸ್ಸಿನ ಮಕ್ಕಳಿಗೆ ವಿಶೇಷ ತರಗತಿ ಬೆಳಿಗ್ಗೆ ಎಂದಾಯಿತು. ಮನೆಯಲ್ಲಿ ನೆಟ್‌ವರ್ಕ್ ಇಲ್ಲದ್ದರಿಂದ ಭಾವ ನನ್ನ ನಂಬರು ಕೊಟ್ಟರು.

ರಜೆ ಮುಗಿಸಿ ನಾನು ತೀರ್ಥಹಳ್ಳಿಗೆ ವಾಪಸು ಬಂದ ಮೇಲೆ, ಒಂದು ಬೆಳಿಗ್ಗೆ ಆ ಫೋನು ಬಂತು. ಒಬ್ಬರ ತೋಳಿನಲ್ಲಿ ಸೂಜಿಯಿತ್ತು. ತೆಗೆದು, ಹತ್ತಿ ಒತ್ತಿ, ಎತ್ತಿದೆ. ಸ್ಕೂಲಿನ ಆಫೀಸಿನ ಹೆಂಗಸು. "ನಿಮ್ಮ ಹುಡುಗಿ ಇವತ್ತು ಬಂದಿಲ್ಲ. ನಿಮ್ಗೆ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಮನೆಗೆ ಮಾಡಿದರೆ ಅದೇ ಹೆಣ್ಣಿನ ದನಿ. ಕಂಡಕ್ಟರಿಗೆ ಮಾಡಿದೆ. "ಇವತ್ತು ಹತ್ತಲಿಲ್ಲಕ್ಕ. ನಾನೂ ನೋಡಿದೆ," ಎಂದ. ಹತ್ತಲಿಲ್ಲ ಎಂದರೆ ಮನೆಯಲ್ಲೇ ಇರಬೇಕು. ಇರಬೇಕು ಎನ್ನುವ ಮಾತಿನ ಮೇಲೆ ಕಾಲಿಡಲು ನನಗೆ ಧೈರ್ಯವಿಲ್ಲ. ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತೆ. ಸ್ಕೂಲಿನಿಂದ ಮತ್ತೆ ಫೋನು: "ಏನಾದ್ರೂ ಗೊತ್ತಾಯ್ತಾ?" ಇಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ. ಈ ಸಲ ಹೆಡ್ಮಾಸ್ಟರೇ. ಬೈಕಿನಲ್ಲಿ ಮೇಷ್ಟ್ರನ್ನು ನಿಮ್ಮ ಅಕ್ಕನ ಮನೆಗೆ ಕಳಿಸಿದ್ದೇನೆ ಎಂದರು. ಯಾವ ಮೇಷ್ಟ್ರು ಎಂದು ಕೇಳಿದೆ. ಗಣಿತದವರು ಎಂದರು.

ಹುಡುಗಿಗೆ ಜ್ವರ. ಮಲಗಿದ್ದಳು. ಭಾವ ನನಗೆ ಫೋನು ಮಾಡಲೆಂದು ಗುಡ್ಡ ಹತ್ತುತ್ತಿದ್ದಾಗ ಮೇಷ್ಟ್ರು ಎದುರಾದರಂತೆ. ಮೇಷ್ಟ್ರು ಮನೆಗೆ ಹೋಗಿ ಅವಳನ್ನು ನೋಡಿ, ಮತ್ತೆ ಗುಡ್ಡ ಹತ್ತಿ ಅವರೇ ನನಗೆ ಫೋನು ಮಾಡಿದರು. ಏದುಸಿರು ಬಿಡುತ್ತಿದ್ದರು. "ಕಣ್ಣಾರೆ ನೋಡಿದೆ. ಇದಾಳೆ," ಎಂದರು. ಅಷ್ಟೇ. ಇಬ್ಬರೂ ಫೋನು ಇಡಲಿಲ್ಲ. ಅವರ ಉಸಿರು ಸಮಕ್ಕೆ ಬರುವವರೆಗೆ ಕೇಳಿಸಿಕೊಳ್ಳುತ್ತ ಕೂತಿದ್ದೆ.